ಕುತ್ತಿಗೆಯ ನರ, ಎದೆಯ ಲೆಕ್ಕ

1845ರಲ್ಲಿ ಇಟಲಿಯ ನೇಪಲ್ಸ್‌ನಲ್ಲಿ ವಿಜ್ಞಾನಿಗಳ ದೊಡ್ಡ ಸಭೆಯೊಂದು ನಡೆಯಿತು. ಅಲ್ಲಿ ಲೈಪ್ಜಿಗ್‌ನ ವೆಬರ್ ಸೋದರರು, ಅರ್ನ್ಸ್ಟ್ ಮತ್ತು ಎಡ್ವರ್ಡ್, ಯಾರೂ ನಿರೀಕ್ಷಿಸದ ಸುದ್ದಿಯೊಂದನ್ನು ಮುಂದಿಟ್ಟರು. ಕಪ್ಪೆಯ ವೇಗಸ್ ನರಕ್ಕೆ ವಿದ್ಯುತ್ ಕೊಟ್ಟರೆ ಅದರ ಹೃದಯ ನಿಲ್ಲುತ್ತದೆ. ನರವೆಂದರೆ ಕೆಲಸ ಮಾಡಿಸುವುದು, ಸ್ನಾಯುವನ್ನು ಎಳೆದು ಕುಣಿಸುವುದು ಎಂದೇ ಅಲ್ಲಿಯವರೆಗೆ ಎಲ್ಲರೂ ತಿಳಿದಿದ್ದರು. ನಡೆಯುತ್ತಿರುವ ಕೆಲಸವನ್ನು ತಡೆಯುವುದಕ್ಕೂ ಮೈಯಲ್ಲಿ ಒಂದು ನರವಿದೆ ಎಂದು ಮೊದಲು ತೋರಿಸಿಕೊಟ್ಟವರು ಇವರು.

ಹುಬ್ಬಳ್ಳಿಯ ಫಿಸಿಯಾಲಜಿ ಲ್ಯಾಬಿನಲ್ಲಿ ಮೊದಲ ವರ್ಷದ ಎಂಬಿಬಿಎಸ್ ಹುಡುಗ ಹುಡುಗಿಯರಿಂದ ನಾನು ವರ್ಷವರ್ಷವೂ ಮಾಡಿಸಿದ್ದು ಇದನ್ನೇ. ಹೊಳಪು ಕಾಗದವನ್ನು ಡ್ರಮ್ಮಿಗೆ ಬಿಗಿಯಾಗಿ ಸುತ್ತಿ, ಉರಿಯುವ ಬತ್ತಿಯ ಹೊಗೆಗೆ ಹಿಡಿದು, ಒಂದೇ ಸಮನೆ ತಿರುಗಿಸಬೇಕು. ಮಸಿ ದಪ್ಪವಾದರೆ ಕಡ್ಡಿ ಸಿಕ್ಕಿಕೊಳ್ಳುತ್ತದೆ, ತೆಳುವಾದರೆ ಗೆರೆ ಕಾಣುವುದಿಲ್ಲ. ಕಪ್ಪೆಯ ಹೃದಯದ ತುದಿಗೆ ಒಂದು ಸಣ್ಣ ಕೊಕ್ಕೆ, ಕೊಕ್ಕೆಗೆ ದಾರ, ದಾರಕ್ಕೆ ಸನ್ನೆಕಡ್ಡಿ. ಹೃದಯ ಮಿಡಿದಂತೆಲ್ಲ ಕಡ್ಡಿಯ ತುದಿ ಕರಿ ಕಾಗದದ ಮೇಲೆ ಬಿಳಿ ಗೆರೆ ಎಳೆಯುತ್ತಿತ್ತು. ವೇಗಸ್‌ಗೆ ಕರೆಂಟು ಮುಟ್ಟಿಸಿದೊಡನೆ ಏರಿಳಿತ ನಿಂತು ಗೆರೆ ನೆಟ್ಟಗಾಗುತ್ತಿತ್ತು. ಕರೆಂಟನ್ನು ಬಿಡದೆ ಹಿಡಿದಿದ್ದರೂ ಸ್ವಲ್ಪ ಹೊತ್ತಿಗೆ ಹೃದಯ ಮತ್ತೆ ತಾನಾಗಿ ಮಿಡಿಯತೊಡಗುತ್ತಿತ್ತು. ಪುಸ್ತಕದಲ್ಲಿ ಇದಕ್ಕೆ ವೇಗಲ್ ಎಸ್ಕೇಪ್ ಎಂದು ಹೆಸರು. ಡ್ರಮ್ಮಿಗೆ ಹೊಗೆ ಹಿಡಿಸುವುದರಲ್ಲಿ ನಮಗೆಲ್ಲ ಗುರುವಾಗಿದ್ದ ಅಟೆಂಡರ್ ಮಾತ್ರ, “ಎಷ್ಟ್ ಹಿಡದ್ರೂ ಅದು ಕೇಳೂದಿಲ್ರಿ ಬಾಯಾರ” ಎನ್ನುತ್ತಿದ್ದರು. ಕೊನೆಗೆ ಕಾಗದವನ್ನು ಬಿಡಿಸಿ, ವಾರ್ನಿಶ್‌ನಲ್ಲಿ ಅದ್ದಿ, ಒಣಗಿಸಿ ಜರ್ನಲ್ಲಿಗೆ ಅಂಟಿಸಿದರೆ ಪಾಠ ಮುಗಿಯಿತು.

ಅಷ್ಟಕ್ಕೇ ಮುಗಿಯಬಾರದಿತ್ತು ಎಂಬುದು ಈಗಿನ ನನ್ನ ತಕರಾರು. ಅದೇ ನರ, ಹಾರ್ಟ್ ಅಟ್ಯಾಕ್ ಆಗಿ ಬದುಕಿ ಮನೆಗೆ ಹೋದ ಮನುಷ್ಯನಿಗೆ ಮುಂದೆ ಎಷ್ಟು ಅಪಾಯವಿದೆ ಎಂಬುದರ ಸುಳಿವನ್ನೂ ಕೊಡುತ್ತದೆ. ಕಪ್ಪೆಯಿಂದ ಆ ಸುಳಿವಿನವರೆಗೆ ಬರಲು ವೈದ್ಯಕೀಯಕ್ಕೆ ಸುಮಾರು ಒಂದೂವರೆ ಶತಮಾನ ಹಿಡಿಯಿತು. ಆ ದಾರಿಯನ್ನು ಗೊತ್ತುಮಾಡಿಕೊಂಡರೆ, ಸಿಕ್ಕಿದ ಸುಳಿವನ್ನು ಹೇಗೆ ಬಳಸಬೇಕು, ಹೇಗೆ ಬಳಸಬಾರದು ಎಂಬುದೂ ತಿಳಿಯುತ್ತದೆ.

ಹೊಗೆ ಹಿಡಿಸಿದ ಡ್ರಮ್ಮೇ ಈ ಕತೆಯ ಮೊದಲ ಸಲಕರಣೆ. 1840ರ ದಶಕದಲ್ಲಿ ಅದನ್ನು ರೂಪಿಸಿದವರು ಜರ್ಮನಿಯ ಕಾರ್ಲ್ ಲುಡ್ವಿಗ್. ಕ್ಷಣದಲ್ಲಿ ಬಂದು ಕ್ಷಣದಲ್ಲಿ ಹೋಗುವ ರಕ್ತದೊತ್ತಡದ ಏರಿಳಿತ ಆಗ ಮೊದಲ ಬಾರಿಗೆ ಕಾಗದದ ಮೇಲೆ ಉಳಿಯಿತು. ಫ್ರಾನ್ಸಿನ ಎಟಿಯೆನ್ ಜೂಲ್ ಮಾರೆ ಮನುಷ್ಯರ ಮಣಿಕಟ್ಟಿಗೇ ಕಟ್ಟುವ ನಾಡಿಯಂತ್ರ ಮಾಡಿದರು. ರಕ್ತದೊತ್ತಡ ಏರಿದರೆ ನಾಡಿ ನಿಧಾನವಾಗುತ್ತದೆ, ಇಳಿದರೆ ಚುರುಕಾಗುತ್ತದೆ ಎಂದು 1859ರಲ್ಲೇ ಹೇಳಿದವರು ಅವರು. ಯಾಕೆ ಹೀಗೆ ಎನ್ನುವುದಕ್ಕೆ ಅರ್ಧ ಉತ್ತರ 1866ರಲ್ಲಿ ಬಂತು. ಲುಡ್ವಿಗ್ ಜೊತೆ ಲೈಪ್ಜಿಗ್‌ನಲ್ಲಿ ಕೆಲಸ ಮಾಡುತ್ತಿದ್ದ ಎಲಿಯಾಸ್ ಸಿಯಾನ್, ಮೊಲದ ಕುತ್ತಿಗೆಯಲ್ಲಿ ವೇಗಸ್‌ನ ಪಕ್ಕದಲ್ಲೇ ಸಾಗುವ ಎಳೆನರವೊಂದನ್ನು ಕತ್ತರಿಸಿ, ಮಿದುಳಿನ ಕಡೆಯ ತುದಿಗೆ ವಿದ್ಯುತ್ ಕೊಟ್ಟರು. ಒತ್ತಡ ಇಳಿಯಿತು, ಹೃದಯವೂ ನಿಧಾನವಾಯಿತು. ಅಂದರೆ ಎದೆಯಿಂದ ಮೇಲಕ್ಕೆ ಸುದ್ದಿ ಹೋಗುತ್ತದೆ, ಮೇಲಿನಿಂದ ಆಜ್ಞೆ ಕೆಳಗೆ ಬರುತ್ತದೆ. ಈ ಸಿಯಾನ್ ಮುಂದೆ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಪ್ರೊಫೆಸರಾದರು. ಅಲ್ಲಿ ಅವರ ಕೈಯಲ್ಲಿ ಕಲಿತವರಲ್ಲಿ ಇವಾನ್ ಪಾವ್ಲೋವ್ ಒಬ್ಬರು.

ಉಳಿದರ್ಧ ಉತ್ತರ ಕುತ್ತಿಗೆಯಲ್ಲೇ ಅಡಗಿತ್ತು. ದವಡೆಯ ಕೆಳಗೆ ನಾಡಿ ಹೊಡೆಯುವ ಜಾಗವನ್ನು ಒತ್ತಿದರೆ ಹೃದಯ ನಿಧಾನವಾಗುತ್ತದೆ ಎಂದು ಯೋಹಾನ್ ಚೆರ್ಮಾಕ್ 1860ರ ದಶಕದಲ್ಲಿ ತಮ್ಮ ಕುತ್ತಿಗೆಯನ್ನೇ ಒತ್ತಿಕೊಂಡು ತೋರಿಸಿದ್ದರು. ಬೆರಳು ವೇಗಸ್ ನರವನ್ನೇ ಒತ್ತುತ್ತಿದೆ ಎಂಬುದು ಅವರ ನಂಬಿಕೆ. ಈ ನಂಬಿಕೆ ಅರವತ್ತು ವರ್ಷ ಬಾಳಿತು. 1920ರ ದಶಕದಲ್ಲಿ ಕೊಲೋನ್‌ನ ಹೈನ್ರಿಕ್ ಎವಾಲ್ಡ್ ಹೇರಿಂಗ್ ಅದನ್ನು ಸುಳ್ಳು ಮಾಡಿದರು. ಬೆರಳಿಗೆ ಸಿಕ್ಕುವುದು ನರವಲ್ಲ, ಕೆರೋಟಿಡ್ ರಕ್ತನಾಳ ಕವಲೊಡೆಯುವಲ್ಲಿ ಸ್ವಲ್ಪ ಉಬ್ಬಿದ ಗೋಡೆ. ಆ ಗೋಡೆ ಹಿಗ್ಗಿದಾಗ ಅಲ್ಲಿನ ನರತುದಿಗಳು ಮಿದುಳಿಗೆ ತಿಳಿಸುತ್ತವೆ. ಮ್ಯಾಡ್ರಿಡ್‌ನಲ್ಲಿ ಫರ್ನಾಂಡೊ ದ ಕಾಸ್ತ್ರೊ ಸೂಕ್ಷ್ಮದರ್ಶಕದ ಕೆಳಗೆ ಆ ನರತುದಿಗಳನ್ನು ಹುಡುಕಿ ಚಿತ್ರ ಬರೆದಿಟ್ಟರು. ಬೆಲ್ಜಿಯಂನ ಘೆಂಟ್‌ನಲ್ಲಿ ಕೊರ್ನೇಯ್ ಹೇಮನ್ಸ್ ಮತ್ತು ಅವರ ತಂದೆ ಒಂದು ನಾಯಿಯ ತಲೆಗೆ ಇನ್ನೊಂದು ನಾಯಿಯ ರಕ್ತ ಹರಿಸಿ, ತಲೆಗೂ ಅದರದೇ ಮುಂಡಕ್ಕೂ ನರದ ಸಂಬಂಧವನ್ನಷ್ಟೇ ಉಳಿಸಿ, ಸುದ್ದಿ ಓಡಾಡುವುದು ರಕ್ತದಲ್ಲಲ್ಲ, ನರದಲ್ಲಿ ಎಂದು ಖಾತ್ರಿ ಮಾಡಿದರು. ಕೊರ್ನೇಯ್ ಅವರಿಗೆ 1938ರ ನೊಬೆಲ್ ಬಂತು. ಅದು ಬಂದದ್ದು ಇದೇ ಜಾಗದ ನರತುದಿಗಳು ಉಸಿರಾಟವನ್ನು ಹೇಗೆ ನಡೆಸುತ್ತವೆ ಎಂಬ ಕೆಲಸಕ್ಕೆ.

ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲಿ ತೇಲುವ ಗುಂಡು ಇರುತ್ತದಲ್ಲ, ನೀರು ಏರಿದಂತೆ ತಾನೂ ಏರಿ ಒಳಬರುವ ನೀರನ್ನು ತಡೆಯುತ್ತದೆ, ಇಳಿದರೆ ಬಿಡುತ್ತದೆ. ಬ್ಯಾರೋರಿಫ್ಲೆಕ್ಸ್ ಎಂದು ಕರೆಯುವ ಈ ಏರ್ಪಾಡಿನ ತತ್ವವೂ ಅದೇ. ಕುಳಿತವರು ಎದ್ದು ನಿಂತಾಗ ತಲೆ ಸುತ್ತದಂತೆ ಕಾಯುವುದು ಇದೇ. ಇದು ಹೃದಯಕ್ಕೆ ಎರಡು ದಾರಿಗಳಲ್ಲಿ ಮಾತಾಡುತ್ತದೆ. ವೇಗಸ್ ನಿಧಾನಗೊಳಿಸುತ್ತದೆ, ಸಿಂಪಥೆಟಿಕ್ ನರಗಳು ಚುರುಕುಗೊಳಿಸುತ್ತವೆ. ಒತ್ತಡ ಏರಿದಾಗ ವೇಗಸ್ ಮಾತು ಜೋರಾಗಿ, ಸಿಂಪಥೆಟಿಕ್ ತಗ್ಗಬೇಕು. ಇಷ್ಟು ನಮ್ಮ ವಿದ್ಯಾರ್ಥಿಗಳಿಗೆಲ್ಲ ಬಾಯಿಪಾಠ.

ಆದರೆ ಆಸ್ಪತ್ರೆಯ ಹೃದಯ ವಿಭಾಗದಲ್ಲಿ ಈ ಪಾಠಕ್ಕೆ ಬಹಳ ಕಾಲ ಜಾಗವಿರಲಿಲ್ಲ. ಹಾರ್ಟ್ ಅಟ್ಯಾಕ್ ಅಂದರೆ ರಕ್ತನಾಳ ಕಟ್ಟಿಕೊಂಡಿತು, ಸ್ನಾಯು ಸತ್ತಿತು, ಉಳಿದ ಸ್ನಾಯುವಿಗೆ ವಿಶ್ರಾಂತಿ ಬೇಕು. ಅಷ್ಟೇ ಲೆಕ್ಕ. ಗಾಯ ಮಾಯುವವರೆಗೆ ಹಾಸಿಗೆಯಲ್ಲಿ ಅಲ್ಲಾಡದೆ ಮಲಗಬೇಕು, ಅದೂ ಆರು ವಾರ. ನನ್ನ ಸೋದರಮಾವನಿಗೆ ಅಟ್ಯಾಕ್ ಆದಾಗ ಪರದೇಶಗಳಲ್ಲಿ ಈ ಪದ್ಧತಿ ಸಡಿಲವಾಗಿತ್ತು, ನಮ್ಮೂರ ಕಡೆ ಇನ್ನೂ ಬಿಗಿಯಾಗಿತ್ತು. ಎದ್ದು ಕೂಡುವ ಹಾಗಿಲ್ಲ, ಊಟ ಮಲಗಿದಲ್ಲೇ, ಬೆಡ್‌ಪ್ಯಾನ್ ಮಲಗಿದಲ್ಲೇ. ಜೀವನದಲ್ಲಿ ಒಂದು ದಿನ ಸುಮ್ಮನೆ ಕೂತವರಲ್ಲದ ಅವರು, “ರೋಗಕ್ಕಿಂತ ಈ ಮಂಚಾನ ನನ್ನ ಕೊಲ್ಲತದವ್ವಾ” ಎಂದು ನನ್ನ ಮುಂದೆ ಸಿಟ್ಟಾಗುತ್ತಿದ್ದರು. ಕೊನೆಗೆ ಅವರನ್ನು ಎಬ್ಬಿಸಿ ನಿಲ್ಲಿಸಿದಾಗ ಬಿ.ಪಿ. ಕುಸಿದು ಕಣ್ಣು ಕತ್ತಲೆ ಬಂತು. ವಾರಗಟ್ಟಲೆ ಮಲಗಿದ ಮೈಯಲ್ಲಿ ಈ ರಿಫ್ಲೆಕ್ಸ್ ಮಂಕಾಗುತ್ತದೆ. ನಾನು ಕ್ಲಾಸಿನಲ್ಲಿ ಹೇಳುತ್ತಿದ್ದುದೇ ಕಣ್ಣೆದುರು ನಡೆದಿತ್ತು.

ಈ ಪದ್ಧತಿಗೆ ಮೊದಲು ಎದುರಾಡಿದವರಲ್ಲಿ ಬೋಸ್ಟನ್‌ನ ಸ್ಯಾಮ್ಯುಯೆಲ್ ಲೆವೀನ್ ಮತ್ತು ಅವರ ಶಿಷ್ಯ ಬರ್ನಾರ್ಡ್ ಲೌನ್ ಮುಖ್ಯರು. ಅಟ್ಯಾಕ್ ಆದವರನ್ನು ಬೇಗನೆ ಎಬ್ಬಿಸಿ ಆರಾಮ ಕುರ್ಚಿಯಲ್ಲಿ ಕೂಡಿಸಿ, 81 ರೋಗಿಗಳ ಅನುಭವವನ್ನು 1952ರಲ್ಲಿ ಪ್ರಕಟಿಸಿದರು. ಕೂಡಿಸಿದ್ದರಿಂದ ರೋಗಿಗಳಿಗೆ ಕೆಡುಕೇನೂ ಆದಂತೆ ಕಾಣಲಿಲ್ಲ. ಇದೇ ಲೆವೀನ್‌ಗೆ ಕುತ್ತಿಗೆಯ ಆ ಉಬ್ಬಿನ ಮೇಲೂ ಕಣ್ಣಿತ್ತು. ಎದೆನೋವು ಬಂದ ಹೊತ್ತಿನಲ್ಲಿ ಅಲ್ಲಿ ಮೆಲ್ಲಗೆ ಒತ್ತಿ, ನಾಡಿ ನಿಧಾನವಾಗಿ ನೋವು ಹೋದರೆ ಅದು ಹೃದಯದ್ದೇ ನೋವು ಎಂದು ಗುರುತಿಸುತ್ತಿದ್ದರು. ಇದನ್ನು ಮನೆಯಲ್ಲಿ ಯಾರೂ ಮಾಡಿನೋಡಬಾರದು. ವಯಸ್ಸಾದವರ ರಕ್ತನಾಳದಲ್ಲಿ ಕೊಬ್ಬಿನ ಪದರವಿದ್ದರೆ ಚೂರು ಕಳಚಿ ಮಿದುಳಿಗೆ ಹೋಗಬಹುದು. 1967ರಲ್ಲಿ ಯೂಜೀನ್ ಬ್ರಾನ್‌ವಾಲ್ಡ್ ತಂಡ ಆ ಜಾಗದ ನರಕ್ಕೆ ವಿದ್ಯುತ್ ಕೊಡುವ ಸಾಧನವನ್ನೇ ರೋಗಿಗಳ ಮೈಯೊಳಗಿಟ್ಟು ಎದೆನೋವು ಇಳಿಸಿತ್ತು. ಬೈಪಾಸ್ ಸರ್ಜರಿ ಬಂದ ಮೇಲೆ ಅದು ಮೂಲೆಗೆ ಬಿತ್ತು.

ನರಗಳು ಅಟ್ಯಾಕಿನ ಹೊತ್ತಿನಲ್ಲೇ ಎಷ್ಟು ಗಲಿಬಿಲಿಗೊಳ್ಳುತ್ತವೆ ಎಂಬುದು ಗೊತ್ತಾದದ್ದು ಬೆಲ್‌ಫಾಸ್ಟ್‌ನ ಆಂಬುಲೆನ್ಸ್‌ನಲ್ಲಿ. ಅಲ್ಲಿನ ಫ್ರ್ಯಾಂಕ್ ಪ್ಯಾಂಟ್ರಿಜ್ 1966ರಲ್ಲಿ ಡಾಕ್ಟರನ್ನೂ ಶಾಕ್ ಕೊಡುವ ಯಂತ್ರವನ್ನೂ ಗಾಡಿಯಲ್ಲಿ ಹಾಕಿ ರೋಗಿಯ ಮನೆಗೇ ಕಳಿಸತೊಡಗಿದರು. ಹೀಗಾಗಿ ಆಸ್ಪತ್ರೆಗಳು ಎಂದೂ ಕಾಣದಿದ್ದ ಮೊದಲ ಅರ್ಧ ಗಂಟೆಯನ್ನು ಅವರ ತಂಡ ಕಂಡಿತು. 1972ರಲ್ಲಿ ಅವರು ವರದಿ ಮಾಡಿದಂತೆ, ಆ ಅರ್ಧ ಗಂಟೆಯಲ್ಲಿ ನೋಡಿದ ರೋಗಿಗಳಲ್ಲಿ ಶೇ. 90ಕ್ಕಿಂತ ಹೆಚ್ಚು ಮಂದಿಯಲ್ಲಿ ನರಗಳ ಏರುಪೇರು ಎದ್ದು ಕಾಣುತ್ತಿತ್ತು. ಹೃದಯದ ಮುಂಭಾಗಕ್ಕೆ ಪೆಟ್ಟಾದವರಲ್ಲಿ ಹೆಚ್ಚಾಗಿ ಸಿಂಪಥೆಟಿಕ್ ಅಬ್ಬರ, ನಾಡಿ ಓಟ. ಕೆಳಭಾಗಕ್ಕೆ ಪೆಟ್ಟಾದವರಲ್ಲಿ ಹೆಚ್ಚಾಗಿ ವೇಗಸ್ ಅಬ್ಬರ, ನಾಡಿ ಕುಸಿತ, ಬೆವರು, ವಾಕರಿಕೆ.

ಈ ಎರಡನೆಯದಕ್ಕೆ ಇನ್ನೊಂದು ಹಳೆಯ ಬೇರಿದೆ. 1867ರಲ್ಲಿ ಆಲ್ಬರ್ಟ್ ಫಾನ್ ಬೆಜೋಲ್ಡ್ ಮತ್ತು ಲುಡ್ವಿಗ್ ಹಿರ್ಟ್ ವೆರಾಟ್ರಮ್ ಗಿಡದ ವಿಷವನ್ನು ಪ್ರಾಣಿಯ ರಕ್ತಕ್ಕೆ ಚುಚ್ಚಿದಾಗ ನಾಡಿಯೂ ಒತ್ತಡವೂ ಒಟ್ಟಿಗೆ ಬಿದ್ದವು. ಬೆಜೋಲ್ಡ್ ಮರುವರ್ಷವೇ, ಇನ್ನೂ ಮೂವತ್ತೆರಡರ ಪ್ರಾಯದಲ್ಲಿ, ತೀರಿಕೊಂಡರು. 1930ರ ದಶಕದಲ್ಲಿ ಅಡಾಲ್ಫ್ ಯಾರಿಷ್ ಅದನ್ನು ಮತ್ತೆ ಕೈಗೆತ್ತಿಕೊಂಡಿದ್ದರಿಂದ ಬೆಜೋಲ್ಡ್–ಯಾರಿಷ್ ರಿಫ್ಲೆಕ್ಸ್ ಎಂದು ಹೆಸರಾಯಿತು. ಹೃದಯದ ಕೆಳಕೋಣೆಗಳಿಂದ ಹೊರಡುವ ನರಗಳಿಗೂ ಈ ರಿಫ್ಲೆಕ್ಸಿಗೂ ಏನು ಸಂಬಂಧ ಎಂದು 1955ರಲ್ಲಿ ಪ್ರಬಂಧ ಬರೆದವರು ನಮ್ಮ ದೇಶದ ಅವತಾರ್ ಸಿಂಗ್ ಪೈಂಟಲ್. ವೇಗಸ್ ನರವನ್ನು ಎಳೆಎಳೆಯಾಗಿ ಬಿಡಿಸಿ, ಒಂದೊಂದು ಎಳೆ ಏನು ಹೇಳುತ್ತಿದೆ ಎಂದು ಕೇಳುವ ಕೆಲಸ ಅವರದು. ಶ್ವಾಸಕೋಶದ ಜೆ ರಿಸೆಪ್ಟರ್‌ಗಳಿಗಾಗಿ ಜಗತ್ತು ಅವರನ್ನು ನೆನೆಯುತ್ತದೆ. ದಿಲ್ಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ದರು, 1981ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು. ನನ್ನ ಪೀಳಿಗೆಯ ಫಿಸಿಯಾಲಜಿ ಮೇಷ್ಟ್ರುಗಳಿಗೆ, ಪರೀಕ್ಷೆಗೆ ಓದುವ ಪುಸ್ತಕದಲ್ಲಿ ಕಾಣಸಿಗುತ್ತಿದ್ದ ಬೆರಳೆಣಿಕೆಯ ಭಾರತೀಯ ಹೆಸರುಗಳಲ್ಲಿ ಅದೊಂದು.

ಇಲ್ಲಿಯವರೆಗೆ ರಿಫ್ಲೆಕ್ಸ್ ಇದೆ, ಇಲ್ಲ ಎಂಬ ಮಾತಾಯಿತು. ಎಷ್ಟಿದೆ ಎಂದು ಮನುಷ್ಯನಲ್ಲಿ ಅಳೆಯುವ ದಾರಿ ಸಿಕ್ಕಿದ್ದು 1969ರಲ್ಲಿ, ಆಕ್ಸ್‌ಫರ್ಡ್‌ನಲ್ಲಿ. ಸ್ಮಿತ್, ಪೀಟರ್ ಸ್ಲೈಟ್ ಮತ್ತು ಜಾರ್ಜ್ ಪಿಕರಿಂಗ್ ಮಲಗಿ ನಿದ್ದೆ ಮಾಡುವವರ ಬಿ.ಪಿ. ಅಧ್ಯಯನ ಮಾಡುತ್ತಿದ್ದರು. ರಕ್ತನಾಳವನ್ನು ಕುಗ್ಗಿಸುವ ಔಷಧಿಯನ್ನು ಒಂದು ಸಣ್ಣ ಪ್ರಮಾಣದಲ್ಲಿ ಚುಚ್ಚಿದರೆ ಒತ್ತಡ ಕೆಲವೇ ಬಡಿತಗಳಲ್ಲಿ ಏರುತ್ತದೆ. ಆಗ ಪ್ರತಿ ಬಡಿತದ ಒತ್ತಡವನ್ನೂ, ಮುಂದಿನ ಬಡಿತಕ್ಕೆ ಹಿಡಿದ ಸಮಯವನ್ನೂ ಜೋಡಿಸಿ ಗ್ರಾಫಿನಲ್ಲಿ ಚುಕ್ಕಿ ಇಡುತ್ತಾ ಹೋದರೆ ಒಂದು ಓರೆಗೆರೆ ಬರುತ್ತದೆ. ಗೆರೆ ಕಡಿದಾಗಿದ್ದರೆ ರಿಫ್ಲೆಕ್ಸ್ ಚುರುಕು, ಚಪ್ಪಟೆಯಾಗಿದ್ದರೆ ಮಂಕು. ಒತ್ತಡ 10 ಮಿಲಿಮೀಟರ್ ಏರಿದಾಗ ಬಡಿತಗಳ ನಡುವಿನ ಅಂತರ 150 ಮಿಲಿಸೆಕೆಂಡ್ ಹಿಗ್ಗಿದರೆ ಅಂಕ 15. ಬರೀ 30 ಹಿಗ್ಗಿದರೆ ಅಂಕ 3. ಮುಂದೆ ಈ ಚುಚ್ಚುಮದ್ದಿಗೆ ಫಿನೈಲೆಫ್ರಿನ್ ವಾಡಿಕೆಯಾಯಿತು. 1971ರಲ್ಲಿ ಡ್ವೈನ್ ಎಕ್‌ಬರ್ಗ್, ಬ್ರಾನ್‌ವಾಲ್ಡ್ ಮತ್ತು ಸಂಗಡಿಗರು ಹೃದ್ರೋಗಿಗಳಲ್ಲಿ ವೇಗಸ್‌ನ ಈ ಹಿಡಿತ ಸಡಿಲವಾಗಿದೆ ಎಂದು ತೋರಿಸಿದರು. ಸಡಿಲವಾದರೆ ಏನಾಯಿತು, ಸಾವಿಗೂ ಅದಕ್ಕೂ ಸಂಬಂಧವಿದೆಯೇ ಎಂದು ಆಗ ಯಾರೂ ಕೇಳಲಿಲ್ಲ.

ಕೇಳಿದವರು ಮಿಲಾನ್ ಕಡೆಯ ಜನ. 1969ರಲ್ಲೇ ಆಲ್ಬರ್ಟೊ ಮಲ್ಲಿಯಾನಿ, ಪೀಟರ್ ಶ್ವಾರ್ಟ್ಸ್ ಮತ್ತು ಆಲ್ಬರ್ಟೊ ಝಂಕೆಟ್ಟಿ, ಬೆಕ್ಕಿನ ಹೃದಯದ ರಕ್ತನಾಳ ಕಟ್ಟಿದರೆ ಹೃದಯದಿಂದಲೇ ಸುದ್ದಿ ಹೊರಟು, ಹೃದಯವನ್ನು ಕೆರಳಿಸುವ ಸಿಂಪಥೆಟಿಕ್ ನರಗಳೇ ಇನ್ನಷ್ಟು ಎಚ್ಚರಗೊಳ್ಳುತ್ತವೆ ಎಂದು ಕಂಡಿದ್ದರು. ಗಾಯಗೊಂಡ ಹೃದಯ ತನ್ನನ್ನು ತಾನೇ ಅಪಾಯಕ್ಕೆ ತಳ್ಳಿಕೊಳ್ಳುವ ದಾರಿ ಇದು. ತರುಣ ಶ್ವಾರ್ಟ್ಸ್ ಆ ಎಳೆಯನ್ನು ಕೈಬಿಡಲಿಲ್ಲ. ಅಮೆರಿಕದ ಒಕ್ಲಹೋಮಾದಲ್ಲಿ ಲೋವೆಲ್ ಸ್ಟೋನ್ ಜೊತೆ ಸೇರಿ ನಾಯಿಗಳಲ್ಲಿ ಒಂದು ಪ್ರಯೋಗ ಕಟ್ಟಿದರು. ಹೃದಯದ ಮುಂಭಾಗಕ್ಕೆ ಪೆಟ್ಟಾಗಿ ಒಂದು ತಿಂಗಳಲ್ಲಿ ಚೇತರಿಸಿಕೊಂಡ ನಾಯಿಯನ್ನು ಟ್ರೆಡ್‌ಮಿಲ್ ಮೇಲೆ ಓಡಿಸುವುದು, ಓಟದ ಕೊನೆಗೆ ಇನ್ನೊಂದು ರಕ್ತನಾಳವನ್ನು ಎರಡು ನಿಮಿಷ ಮಾತ್ರ ಮುಚ್ಚುವುದು. ಕೆಲವು ನಾಯಿಗಳ ಹೃದಯ ಅಲ್ಲೇ ಕಂಪಿಸತೊಡಗುತ್ತಿತ್ತು, ಶಾಕ್ ಕೊಡದಿದ್ದರೆ ಸಾವೇ. ಉಳಿದವು ಏನೂ ಆಗದಂತೆ ಇಳಿದು ಬರುತ್ತಿದ್ದವು.

ಎಲ್ಲಕ್ಕೂ ಗಾಯ ಒಂದೇ ಜಾಗದಲ್ಲಿ, ಪರೀಕ್ಷೆಯೂ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿದೆ? 1982ರಲ್ಲಿ ಬಿಲ್‌ಮನ್, ಶ್ವಾರ್ಟ್ಸ್, ಸ್ಟೋನ್ ಉತ್ತರ ಪ್ರಕಟಿಸಿದರು. ಬ್ಯಾರೋರಿಫ್ಲೆಕ್ಸ್ ಮಂಕಾಗಿದ್ದ ನಾಯಿಗಳು ಸಾಯುವುದು ಹೆಚ್ಚು. 1988ರ ಹೊತ್ತಿಗೆ ಅಧ್ಯಯನವಾದ ನಾಯಿಗಳ ಸಂಖ್ಯೆ 192 ಆಗಿತ್ತು. ಹೃದಯ ಕಂಪಿಸಿದವುಗಳ ಸರಾಸರಿ ಅಂಕ 9ರ ಆಸುಪಾಸು, ತಡೆದುಕೊಂಡವುಗಳದ್ದು 18ರ ಆಸುಪಾಸು. ಇನ್ನೂ ಕುತೂಹಲದ ಸಂಗತಿ, ಹೃದಯಕ್ಕೆ ಪೆಟ್ಟಾಗುವ ಮುನ್ನವೇ ಅಳೆದಾಗಲೂ ಸಾಯುವ ಗುಂಪಿನ ಅಂಕ ಕಡಿಮೆ ಇತ್ತು. ಅಂದರೆ ಅಪಾಯದ ಒಂದು ಪಾಲು ಗಾಯದಿಂದ ಬಂದದ್ದಲ್ಲ, ಆ ಪ್ರಾಣಿಯ ಮೈ ಗಾಯಕ್ಕೆ ಉತ್ತರ ಕೊಡುವ ರೀತಿಯಲ್ಲೇ ಇತ್ತು. ಈ ನಾಯಿಗಳ ಬಗ್ಗೆ ಓದುವಾಗ ಇಂದೂ ಮನಸ್ಸು ಕಸಿವಿಸಿಯಾಗುತ್ತದೆ. ನಮ್ಮ ಲ್ಯಾಬಿನ ಕಪ್ಪೆಗಳು ಈಗ ಕಂಪ್ಯೂಟರ್ ಪರದೆಗೆ ಹೋಗಿವೆ, ಅದು ಒಳ್ಳೆಯದೇ. ಆದರೆ ಈ ಒಂದು ಪ್ರಶ್ನೆಗೆ ಆಗ ಬೇರೆ ದಾರಿಯಿತ್ತು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ನಾಯಿಯಿಂದ ಮನುಷ್ಯರ ಕಡೆ ಬಂದದ್ದು ಮರಿಯಾ ತೆರೇಸಾ ಲಾ ರೊವೇರೆ. ಇಟಲಿಯ ಪಾವಿಯಾ ಬಳಿಯ ಮೊಂಟೆಸ್ಕಾನೊದಲ್ಲಿ, ಹೃದ್ರೋಗಿಗಳಿಗೆ ಮರಳಿ ಚೈತನ್ಯ ತುಂಬುವ ಆಸ್ಪತ್ರೆಯ ವೈದ್ಯೆ ಅವರು. 1988ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಇದ್ದವರು ಅಟ್ಯಾಕಿನಿಂದ ಉಳಿದ 78 ಮಂದಿ. ಎರಡು ವರ್ಷಗಳಲ್ಲಿ ಹೃದಯದ ಕಾರಣಕ್ಕೆ ಏಳು ಮಂದಿ ತೀರಿಕೊಂಡರು. ತೀರಿದವರ ಸರಾಸರಿ ಅಂಕ 2.4, ಉಳಿದವರದ್ದು 8.2. ಎಣಿಕೆ ಸಣ್ಣದು, ಆದರೆ ನಾಯಿಗಳು ಹೇಳಿದ್ದನ್ನೇ ಮನುಷ್ಯರೂ ಹೇಳುತ್ತಿದ್ದರು. ಅದಕ್ಕೆ ಒಂದು ವರ್ಷ ಮೊದಲು ಅಮೆರಿಕದಲ್ಲಿ ರಾಬರ್ಟ್ ಕ್ಲೈಗರ್, ಥಾಮಸ್ ಬಿಗರ್ ಮತ್ತಿತರರು 808 ರೋಗಿಗಳ 24 ಗಂಟೆಗಳ ಇಸಿಜಿ ಹಿಡಿದು, ಚುಚ್ಚುಮದ್ದಿಲ್ಲದೆ ಇನ್ನೊಂದು ಅಳತೆ ತೆಗೆದಿದ್ದರು. ಆರೋಗ್ಯವಂತ ಹೃದಯದ ಬಡಿತಗಳ ಅಂತರ ಒಂದೇ ಸಮ ಇರುವುದಿಲ್ಲ. ಉಸಿರಿಗೆ, ನಿದ್ದೆಗೆ, ನಡಿಗೆಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತಿರುತ್ತದೆ. ಆ ಏರುಪೇರು 50 ಮಿಲಿಸೆಕೆಂಡಿಗಿಂತ ಕಡಿಮೆ ಇದ್ದವರಿಗೆ ಸಾವಿನ ಅಪಾಯ, 100ಕ್ಕಿಂತ ಹೆಚ್ಚಿದ್ದವರಿಗಿಂತ ಐದು ಪಟ್ಟು ಮಿಕ್ಕಿ ಇತ್ತು.

ಎರಡನ್ನೂ ಒಂದೇ ಗುಂಪಿನಲ್ಲಿ ಅಳೆದ ಅಧ್ಯಯನವೇ ಅಟ್ರಾಮಿ. 1998ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅಟ್ಯಾಕ್ ಆಗಿ 28 ದಿನಗಳೊಳಗಿನ 1,284 ರೋಗಿಗಳು, ಸರಾಸರಿ 21 ತಿಂಗಳ ಕಾವಲು. ಆ ಅವಧಿಯಲ್ಲಿ ಹೃದಯದ ಕಾರಣಕ್ಕೆ 44 ಸಾವು, ಜೊತೆಗೆ ಹೃದಯ ನಿಂತು ಬದುಕಿ ಉಳಿದವರು ಐದು. ರಿಫ್ಲೆಕ್ಸ್ ಅಂಕ 3ಕ್ಕಿಂತ ಕಡಿಮೆ ಇದ್ದವರಿಗೆ ಅಪಾಯ 2.8 ಪಟ್ಟು, ಬಡಿತದ ಏರುಪೇರು 70ಕ್ಕಿಂತ ಕಡಿಮೆ ಇದ್ದವರಿಗೆ 3.2 ಪಟ್ಟು. ಎರಡೂ ಕೆಟ್ಟಿದ್ದವರಲ್ಲಿ ಎರಡು ವರ್ಷದೊಳಗೆ ತೀರಿಕೊಂಡವರು ಶೇ. 17, ಎರಡೂ ಚೆನ್ನಾಗಿದ್ದವರಲ್ಲಿ ಶೇ. 2. ಹೃದಯದ ಪಂಪು ಎಷ್ಟು ಬಲವಾಗಿದೆ ಎಂಬುದನ್ನು ಲೆಕ್ಕಕ್ಕೆ ಹಿಡಿದ ಮೇಲೂ ನರಗಳ ಲೆಕ್ಕ ಬೇರೆಯಾಗಿಯೇ ಉಳಿಯಿತು.

ಇಷ್ಟು ಸ್ಪಷ್ಟ ಅಂಕಿ ಸಿಕ್ಕ ಮೇಲೆ ಪ್ರತಿ ಐಸಿಸಿಯುನಲ್ಲೂ ಈ ಪರೀಕ್ಷೆ ನಡೆಯಬೇಕಿತ್ತಲ್ಲ, ಯಾಕೆ ನಡೆಯುತ್ತಿಲ್ಲ? ಮೊದಲ ಕಾರಣ ಸಲಕರಣೆ. ಚೇತರಿಸಿಕೊಳ್ಳುತ್ತಿರುವ ರೋಗಿಗೆ ಬಿ.ಪಿ. ಏರಿಸುವ ಮದ್ದು ಚುಚ್ಚಲು ಯಾವ ಡಾಕ್ಟರಿಗೂ ಕೈ ಬರುವುದಿಲ್ಲ. ಬೆರಳಿಗೆ ಪಟ್ಟಿ ಕಟ್ಟಿ ಪ್ರತಿ ಬಡಿತದ ಒತ್ತಡ ಅಳೆಯುವ ಉಪಾಯವನ್ನು ಚೆಕ್ ವಿಜ್ಞಾನಿ ಯಾನ್ ಪೆನ್ಯಾಜ್ 1973ರಲ್ಲಿ ಕೊಟ್ಟಿದ್ದರಿಂದ ರಕ್ತನಾಳಕ್ಕೆ ಸೂಜಿ ಚುಚ್ಚುವುದು ತಪ್ಪಿತು, ಆದರೆ ಆ ಯಂತ್ರ ವಾರ್ಡುಗಳಿಗೆ ಬರಲಿಲ್ಲ. ಎಕೋ ಯಂತ್ರ ಮಾತ್ರ ತಾಲ್ಲೂಕಿನವರೆಗೂ ಬಂತು. ಪಂಪಿನ ಬಲವನ್ನು ಅದು ಐದು ನಿಮಿಷದಲ್ಲಿ ಹೇಳುತ್ತದೆ.

ಎರಡನೆಯ ಕಾರಣ ಹೆಚ್ಚು ಆಳದ್ದು. ಅಂಕಿ ಗೊತ್ತಾದ ಮೇಲೆ ಏನು ಮಾಡಬೇಕು ಎಂಬುದಕ್ಕೆ ಉತ್ತರ ಇರಲಿಲ್ಲ. ಹೃದ್ರೋಗ ತಜ್ಞರು ಒಮ್ಮೆ ಕೈ ಸುಟ್ಟುಕೊಂಡಿದ್ದರು. ಅಟ್ಯಾಕಿನ ನಂತರ ತಪ್ಪು ಬಡಿತಗಳು ಹೆಚ್ಚಿದ್ದವರಿಗೆ ಅಪಾಯ ಹೆಚ್ಚು ಎಂದು ಎಲ್ಲರಿಗೂ ತಿಳಿದಿತ್ತು, ಆದ್ದರಿಂದ ಆ ಬಡಿತಗಳನ್ನು ಅಡಗಿಸುವ ಮಾತ್ರೆ ಕೊಟ್ಟರು. ಕ್ಯಾಸ್ಟ್ ಎಂಬ ಪ್ರಯೋಗದಲ್ಲಿ ಎನ್‌ಕೈನೈಡ್ ಮತ್ತು ಫ್ಲೆಕೈನೈಡ್ ಮಾತ್ರೆಗಳು ಇಸಿಜಿಯನ್ನು ಚೊಕ್ಕ ಮಾಡಿದವು. 1991ರಲ್ಲಿ ಲೆಕ್ಕ ಹಾಕಿದರೆ, 1,498 ರೋಗಿಗಳಲ್ಲಿ ಮಾತ್ರೆ ನುಂಗಿದವರಲ್ಲಿ 63 ಸಾವು, ಹುಸಿಮಾತ್ರೆ ನುಂಗಿದವರಲ್ಲಿ 26. ಸುಳಿವನ್ನು ಅಳಿಸಿದರೆ ಅಪಾಯ ಅಳಿಯುವುದಿಲ್ಲ ಎಂಬ ಈ ಪಾಠ ಜೀವಗಳ ಬೆಲೆ ಕೊಟ್ಟು ಕಲಿತದ್ದು.

ರಿಫ್ಲೆಕ್ಸಿನ ವಿಷಯದಲ್ಲೂ ಅದೇ ಎಡವಟ್ಟಿಗೆ ಅವಕಾಶವಿತ್ತು. ಸ್ಕೊಪೊಲಮಿನ್ ಎಂಬ ಮದ್ದಿನ ಸಣ್ಣ ಪ್ರಮಾಣ ವೇಗಸ್‌ನ ಅಂಕಗಳನ್ನು ಏರಿಸುತ್ತದೆ. ರೋಗಿಗಳಲ್ಲೂ ಏರಿಸಿತು. ಆದರೆ ಅದೇ ನಾಯಿಗಳ ಮಾದರಿಯಲ್ಲಿ ಪರೀಕ್ಷಿಸಿದಾಗ ಹೃದಯ ಕಂಪಿಸುವುದನ್ನು ಅದು ತಡೆಯಲಿಲ್ಲ. ಅತ್ತ ದಿನವೂ ಓಡಿಸಿ ತಾಲೀಮು ಮಾಡಿಸಿದ ನಾಯಿಗಳಲ್ಲಿ ಅಂಕವೂ ಏರಿತು, ಜೀವವೂ ಉಳಿಯಿತು. 2004ರ ಡಿನಾಮಿಟ್ ಅಧ್ಯಯನದಲ್ಲಿ, ಪಂಪು ಕುಗ್ಗಿ ನರಗಳ ಅಳತೆಯೂ ಕೆಟ್ಟಿದ್ದ 674 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಅಟ್ಯಾಕಿನ ಬೆನ್ನಿಗೇ ಶಾಕ್ ಕೊಡುವ ಯಂತ್ರವನ್ನು ಎದೆಯಲ್ಲಿ ಇಟ್ಟರು. ಲಯ ತಪ್ಪಿ ಸಾಯುವುದು ಕಡಿಮೆಯಾಯಿತು, ಬೇರೆ ಕಾರಣದ ಸಾವು ಅಷ್ಟೇ ಹೆಚ್ಚಿತು. ಒಟ್ಟು ಲೆಕ್ಕ ಬದಲಾಗಲಿಲ್ಲ. ವೇಗಸ್‌ಗೇ ತಂತಿ ಸುತ್ತಿ ವಿದ್ಯುತ್ ಕೊಡುವ ಚಿಕಿತ್ಸೆಯನ್ನು ಹೃದಯ ಸೋತ 707 ಮಂದಿಯಲ್ಲಿ ನಡೆಸಿದ ಇನೊವೇಟ್ ಅಧ್ಯಯನವೂ 2016ರಲ್ಲಿ ಪ್ರಯೋಜನ ಕಾಣದೆ ನಿಂತಿತು.

ಗೆದ್ದದ್ದು ಯಾವುದು? ಒಂದು, ಸಿಂಪಥೆಟಿಕ್ ಅಬ್ಬರವನ್ನು ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆಗಳು. ರಿಫ್ಲೆಕ್ಸಿನ ಅಂಕಿಗಳು ಬರುವ ಮೊದಲೇ, 1981ರಲ್ಲಿ, ಪ್ರೊಪ್ರನೊಲಾಲ್ ಕೊಟ್ಟ ಅಮೆರಿಕದ ಅಧ್ಯಯನವನ್ನು ಗಡುವಿಗೆ ಮುಂಚೆ ನಿಲ್ಲಿಸಿದರು. 3,837 ರೋಗಿಗಳಲ್ಲಿ ಮಾತ್ರೆ ಪಡೆದವರ ಸಾವು ಶೇ. 7.2, ಪಡೆಯದವರದ್ದು ಶೇ. 9.8 ಎಂದು ಅಷ್ಟರಲ್ಲೇ ಖಚಿತವಾಗಿತ್ತು. ಎರಡು, ವ್ಯಾಯಾಮ. ಲಾ ರೊವೇರೆ ಅವರೇ ಅಟ್ಯಾಕಿನಿಂದ ಉಳಿದ 95 ಮಂದಿಯಲ್ಲಿ ಕೆಲವರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿ, ಎಲ್ಲರನ್ನೂ ಹತ್ತು ವರ್ಷ ಗಮನಿಸಿ, 2002ರಲ್ಲಿ ಬರೆದರು. ವ್ಯಾಯಾಮದಿಂದ ರಿಫ್ಲೆಕ್ಸ್ ಅಂಕ 3 ಅಥವಾ ಹೆಚ್ಚು ಏರಿದ್ದ 16 ಮಂದಿಯಲ್ಲಿ ಹೃದಯದ ಕಾರಣಕ್ಕೆ ಒಬ್ಬರೂ ಸಾಯಲಿಲ್ಲ, ಉಳಿದ 79 ಮಂದಿಯಲ್ಲಿ 18 ಸಾವಾಯಿತು. ಹದಿನಾರು ಜನರ ಮೇಲೆ ಸಿದ್ಧಾಂತ ಕಟ್ಟಲು ಬರುವುದಿಲ್ಲ, ನಿಜ. ಆದರೆ ಓಡಿದ ನಾಯಿಗಳೂ, ಕುರ್ಚಿಯಲ್ಲಿ ಕೂತ ಬೋಸ್ಟನ್ ರೋಗಿಗಳೂ ಅದೇ ದಿಕ್ಕಿಗೆ ಕೈ ತೋರಿಸುತ್ತಾರೆ.

ನನ್ನ ತಮ್ಮನಿಗೆ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದಾಗ ಕಾಲ ಬದಲಾಗಿತ್ತು. ಮರುದಿನವೇ ಎಬ್ಬಿಸಿ ಕೂಡಿಸಿದರು. ಕೆಲವು ವಾರ ಆದಮೇಲೆ ಡಾಕ್ಟರು ಹೇಳಿದ ಅಳತೆಯಲ್ಲಿ ಉಣಕಲ್ ಕೆರೆ ದಂಡೆಯ ಮೇಲೆ ನಡೆಯತೊಡಗಿದ. ಸೋದರಮಾವನ ಮಂಚವನ್ನು ಕಂಡಿದ್ದ ಅಮ್ಮನಿಗೆ ಇದು ನುಂಗಲಾರದ ತುತ್ತು. ಈಚೆಗೆ ಅವನ ಕೈಗೆ ಮಗ ಕೊಡಿಸಿದ ವಾಚು ಬಂದಿದೆ. ಬಡಿತದ ಏರುಪೇರನ್ನು ಅದು ದಿನಾ ಬೆಳಿಗ್ಗೆ ಅಂಕಿಯಾಗಿ ಹೇಳುತ್ತದೆ. “ಅಕ್ಕಾ, ಇವತ್ತ ಕಡಿಮಿ ತೋರಸ್ಲಿಕ್ಕತ್ತದ, ಏನರ ಗುಳಿಗಿ ತಗೋಬೇಕೇನ?” ಎಂದು ಫೋನ್ ಮಾಡುತ್ತಾನೆ.

ಅವನಿಗೆ ನಾನು ಹೇಳುವ ಮಾತು ಇಷ್ಟು. ಅಟ್ರಾಮಿ ಅಳೆದದ್ದು 24 ಗಂಟೆಗಳ ಇಸಿಜಿಯಿಂದ, ನಿನ್ನ ವಾಚು ಅಳೆಯುವುದು ನಿದ್ದೆಯ ಒಂದಿಷ್ಟು ಹೊತ್ತನ್ನು. ಎರಡಕ್ಕೂ 70 ಎಂಬ ಗಡಿಯನ್ನು ಹಚ್ಚಲು ಬರುವುದಿಲ್ಲ. ಅದಕ್ಕಿಂತ ಮುಖ್ಯ, ಅಂಕಿಯನ್ನು ಏರಿಸಲಿಕ್ಕೆಂದೇ ಗುಳಿಗೆ ಹುಡುಕಬೇಡ, ಅದನ್ನು ಮಾಡಿನೋಡಿ ಆಗಿದೆ. ಈ ನರದ ಇತಿಹಾಸ ಕಲಿಸಿದ್ದು ಒಂದೇ ಸಂಗತಿ, ಅಂಕಿ ಏರಿತೋ ಇಲ್ಲವೋ ಎಂಬುದಕ್ಕಿಂತ ಯಾವುದರಿಂದ ಏರಿತು ಎಂಬುದನ್ನು ಕೇಳಬೇಕು. ಮದ್ದು ಏರಿಸಿದ ಅಂಕಿ ನಾಯಿಯನ್ನು ಉಳಿಸಲಿಲ್ಲ, ಓಟ ಏರಿಸಿದ ಅಂಕಿ ಉಳಿಸಿತು. ಡಾಕ್ಟರು ಬರೆದ ಮಾತ್ರೆ ತಪ್ಪಿಸಬೇಡ, ತಲೆ ಸುತ್ತಿದರೆ, ಎದೆ ಹಿಡಿದರೆ ನನಗೆ ಫೋನ್ ಮಾಡುವ ಮೊದಲು ಆಸ್ಪತ್ರೆಗೆ ಹೋಗು, ಉಳಿದ ದಿನಗಳಲ್ಲಿ ನಡಿ. ವಾಚನ್ನು ಬೇಕಾದರೆ ಸಮಯ ನೋಡಲಿಕ್ಕೆ ಕಟ್ಟಿಕೋ.